ಹೆಣಗಳಿಗೆ ಸುಣ್ಣಬಣ್ಣ

"ನಿಮ್ಮನೇಲಿ ರಾತ್ರಿ ಹೊತ್ತು ಅದೇನ್ರೀ ಹಾಗೆ ನರಳಾಟ? ಯಾರಿಗಾದ್ರೂ ಹುಷಾರಿಲ್ವಾ?" ಎಂದು ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಮೇಲೆ ಮೊಣಕೈ ಊರಿ ಕೇಳಿದರು.

"ಹುಷಾರು ತಪ್ಪೋ ಕಾಲ ಮುಗೀತು ಮೇಷ್ಟ್ರೇ. ಅವರೆಲ್ಲ ಆಗಲೇ ಸತ್ತೋರು. ಒಬ್ಬಿಬ್ಬರಲ್ಲ, 53,594 ಜನ."

ಅವರು ಲೆಕ್ಕದ ಮೇಷ್ಟ್ರಾಗಿ ರಿಟೈರ್ ಆದವರು. ಸತ್ತವರಿಗಿಂತ ಆ ಕೊನೆಯ ನಾಲ್ಕೇ ಅವರನ್ನು ಹೆಚ್ಚು ಕಾಡಿರಬೇಕು. "ಅಷ್ಟು ಕರಾರುವಾಕ್ಕಾಗಿ ಎಣಿಸಿದೋರು ಯಾರು?" ಎಂದರು.

ಎಣಿಸಿದವರು ಜಪಾನಿನ ಒಸಾಕಾದ ಕ್ಯಾಪ್‌ಕಾಮ್ ಕಂಪನಿಯವರು. 2006ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆಂದು ಅವರು ತಂದ ವಿಡಿಯೊ ಗೇಮ್ ‘ಡೆಡ್ ರೈಸಿಂಗ್’. ಅಮೆರಿಕದ ಕೊಲೊರಾಡೊದಲ್ಲಿ ವಿಲಮೆಟ್ ಅಂತ ಒಂದು ಊರು. ನಿಜದ ಊರಲ್ಲ, ಕಟ್ಟಿದ್ದು. ಅದರ ಜನಸಂಖ್ಯೆಯೇ ಈ 53,594. ಊರಿಗೆ ಊರೇ ಜೋಂಬಿಗಳಾಗಿ ಅಲ್ಲಿನ ದೊಡ್ಡ ಮಾಲಿಗೆ ಮುತ್ತಿಗೆ ಹಾಕಿದೆ. ಫ್ರಾಂಕ್ ವೆಸ್ಟ್ ಎಂಬ ಫೋಟೊ ಪತ್ರಕರ್ತ, ಯುದ್ಧಗಳನ್ನೇ ವರದಿ ಮಾಡಿದವನು ತಾನೆಂದು ಕೊಚ್ಚಿಕೊಳ್ಳುವ ಆಸಾಮಿ, ಹೆಲಿಕಾಪ್ಟರಿನಿಂದ ಆ ಮಾಲಿನ ತಾರಸಿಗೆ ಇಳಿಯುತ್ತಾನೆ. 72 ಗಂಟೆ ಬಿಟ್ಟು ಹೆಲಿಕಾಪ್ಟರ್ ವಾಪಸು ಬರುತ್ತದೆ. ಅಷ್ಟರೊಳಗೆ ಸುದ್ದಿಯ ಬುಡ ಹುಡುಕಬೇಕು, ಒಳಗೆ ಸಿಕ್ಕಿಕೊಂಡವರನ್ನು ಕಾಪಾಡಬೇಕು, ತಾನೂ ಬದುಕಿರಬೇಕು. ಊರಿನ ಜನಸಂಖ್ಯೆಯಷ್ಟೂ ಜೋಂಬಿಗಳನ್ನು ಒಂದೇ ಆಟದಲ್ಲಿ ಹೊಡೆದು ಮುಗಿಸಿದವನಿಗೆ ಬಹುಮಾನ ಬೇರೆ: ಅದೇ ಕಂಪನಿಯ ಇನ್ನೊಬ್ಬ ಹೀರೊ ಮೆಗಾ ಮ್ಯಾನ್ ತೋಳಿಗೆ ಹಾಕಿಕೊಳ್ಳುವ ಫಿರಂಗಿ.

"ಊರು ಖಾಲಿ ಮಾಡಿದೋನಿಗೆ ಬಹುಮಾನ. ಸರಿ. ಆದ್ರೆ 2006 ಅಂದ್ರಲ್ಲ, ಅದು ಹಳೇದಾಗಲಿಲ್ವಾ?"

ಆಯಿತು. ಅದಕ್ಕೇ 2024ರ ಸೆಪ್ಟೆಂಬರಿನಲ್ಲಿ ಕ್ಯಾಪ್‌ಕಾಮಿನವರು ಅದನ್ನು ಹೊಸದು ಮಾಡಿ ‘ಡೆಡ್ ರೈಸಿಂಗ್ ಡೀಲಕ್ಸ್ ರೀಮಾಸ್ಟರ್’ ಎಂಬ ಹೆಸರಿನಲ್ಲಿ ಮತ್ತೆ ಮಾರಾಟಕ್ಕಿಟ್ಟರು. ಹೆಸರಿನಲ್ಲಿ ರೀಮಾಸ್ಟರ್ ಅಂತಿದ್ದರೂ ಇದು ಬರೀ ಧೂಳು ಒರೆಸಿದ್ದಲ್ಲ. ‘ರೆಸಿಡೆಂಟ್ ಈವಿಲ್ 7’ ಎಂಬ ಇನ್ನೊಂದು ಆಟಕ್ಕಾಗಿ ಅವರೇ ತಯಾರಿಸಿಕೊಂಡ ಆರ್‌ಇ ಎಂಜಿನ್ ಎಂಬ ತಂತ್ರಾಂಶದ ಮೇಲೆ ಇಡೀ ಮಾಲನ್ನು ಬುಡದಿಂದ ಎಬ್ಬಿಸಿದ್ದಾರೆ. ನಮ್ಮ ಮನೆಯ ರಾತ್ರಿಯ ನರಳಾಟ ಅದರದ್ದೇ.

"ಹಳೇ ಆಟವನ್ನೇ ಮತ್ತೆ ದುಡ್ಡು ಕೊಟ್ಟು ತಗೊಂಡ್ರಾ?" ಮೇಷ್ಟ್ರ ದನಿಯಲ್ಲಿ ನನ್ನ ಬಗ್ಗೆ ನಿಜವಾದ ಮರುಕವಿತ್ತು.

"1971ರ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿ 2014ರಲ್ಲಿ ಬಿಟ್ಟಾಗ ಮೊದಲ ವಾರವೇ ಹೋಗಿ ಬಂದೋರು ಯಾರು ಮೇಷ್ಟ್ರೇ?"

ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಅದು ಬೇರೆ ರೀ. ಅಲ್ಲಿ ಬಣ್ಣ ಬಂತು ಅಷ್ಟೇ. ರಾಜ್‌ಕುಮಾರ್ ಅದೇ, ಕಥೆ ಅದೇ, ಕೊನೇಲಿ ಆ ಪಾರಿವಾಳವೂ ಹೋಗೇ ಹೋಗುತ್ತೆ" ಎಂದರು.

ನಾನು ಹೇಳಬೇಕೆಂದಿದ್ದ ಮಾತನ್ನು ಮೇಷ್ಟ್ರೇ ಬಾಯಿಗೆ ಇಟ್ಟರು. ಸಿನಿಮಾಗೆ ಬಣ್ಣ ಬಳಿದರೆ ಕಥೆ ಅಲ್ಲಾಡುವುದಿಲ್ಲ. ನಾವು ಕುರ್ಚಿಯಲ್ಲಿ ಕೂತು ಅತ್ತು ಬರುತ್ತೇವೆ, ಪಾರಿವಾಳವನ್ನು ಉಳಿಸಲು ನಮ್ಮ ಕೈಯಲ್ಲಿ ಏನೂ ಇಲ್ಲ. ಆಟದಲ್ಲಿ ಕೈಗೆ ಗುಂಡಿಗಳಿವೆ. ಒಂದು ಗುಂಡಿ ಹೆಚ್ಚಿಸಿದರೂ ಸಾಕು, ಮನುಷ್ಯ ಬೇರೆ ಥರ ಆಡುತ್ತಾನೆ. ಬೇರೆ ಥರ ಆಡಿದರೆ ಕಥೆಯೂ ಬೇರೆಯೇ ಆಗುತ್ತದೆ. ಗೇಮಿಗೆ ಸುಣ್ಣಬಣ್ಣ ಮಾಡುವವರ ಕಷ್ಟ ಇದು. ಗೋಡೆಗೆ ಬಣ್ಣ ಹೊಡೆಯುವಾಗ ಒಂದೆರಡು ಕಂಬವೂ ಜರುಗಿಬಿಡುತ್ತದೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಹಳೆಯ ಆಟದಲ್ಲಿ ಓಟಿಸ್ ಎಂಬ ಒಬ್ಬ ಮುದುಕನಿದ್ದಾನೆ, ಮಾಲಿನ ಕೆಲಸದಾಳು. ಸೆಕ್ಯುರಿಟಿ ರೂಮಿನಲ್ಲಿ ಕ್ಯಾಮೆರಾ ನೋಡುತ್ತ ಕೂತು, ಎಲ್ಲೆಲ್ಲಿ ಯಾರು ಸಿಕ್ಕಿಕೊಂಡಿದ್ದಾರೆಂದು ವಾಕಿಟಾಕಿಯಲ್ಲಿ ಫ್ರಾಂಕನಿಗೆ ತಿಳಿಸುವುದು ಅವನ ಕೆಲಸ. ಪರೋಪಕಾರಿ ಮನುಷ್ಯ, ಆದರೆ ಹೊತ್ತುಗೊತ್ತು ತಿಳಿಯದವನು. ಸುತ್ತ ನಲವತ್ತು ಹೆಣ ಕೈಚಾಚಿಕೊಂಡು ಬರುತ್ತಿರುವಾಗಲೇ ಟ್ರಿಣ್ ಟ್ರಿಣ್ ಅನ್ನಿಸುತ್ತಾನೆ. ಎತ್ತದಿದ್ದರೆ ಬಿಡುವವನಲ್ಲ. ಎತ್ತಿದರೆ ಫ್ರಾಂಕನ ಒಂದು ಕೈ ಕಿವಿಗೆ ಅಂಟಿಕೊಳ್ಳುತ್ತದೆ. ಹೊಡೆಯುವಂತಿಲ್ಲ, ಹಾರುವಂತಿಲ್ಲ, ಅವನ ಮಾತು ಪರದೆಯ ಕೆಳಗೆ ಅಕ್ಷರದಲ್ಲಿ ಮೂಡುವುದನ್ನು ಓದುತ್ತ ನಿಲ್ಲಬೇಕು. ಯಾವುದಾದರೂ ಹೆಣ ಮೈಮೇಲೆ ಬಿತ್ತೋ, ಕರೆ ಕಟ್. ಸುಧಾರಿಸಿಕೊಳ್ಳುವಷ್ಟರಲ್ಲಿ ಓಟಿಸ್ ಮತ್ತೆ ಫೋನು ಮಾಡುತ್ತಾನೆ: ಮಾತಿನ ನಡುವೆ ಹಾಗೆ ಫೋನ್ ಇಡೋದು ಮರ್ಯಾದೆಯಲ್ಲ ಅಂತ ಬೈದು, ಇಡೀ ಪುರಾಣವನ್ನು ಮೊದಲಿನಿಂದ ಶುರುಮಾಡುತ್ತಾನೆ. ಆ ಆಟ ಆಡಿದವರಲ್ಲಿ ಜೋಂಬಿಗಳಿಗಿಂತ ಓಟಿಸನನ್ನು ಹೆಚ್ಚು ಶಪಿಸದವರು ಯಾರೂ ಇರಲಾರರು.

"ನಮ್ಮ ಬೀಗರ ಹಾಗೆ" ಎಂದರು ಮೇಷ್ಟ್ರು, ಒಮ್ಮೆ ಹಿಂದಕ್ಕೆ ತಿರುಗಿ ನೋಡಿಕೊಂಡು.

ಸಾಲದ್ದಕ್ಕೆ ಆ ಅಕ್ಷರ. ಆಗತಾನೆ ಹೈ ಡೆಫಿನಿಷನ್ ಟಿವಿ ಬರುತ್ತಿದ್ದ ಕಾಲ. ಆಟ ಕಟ್ಟಿದವರು ತಮ್ಮ ಮುಂದಿದ್ದ ದೊಡ್ಡ ಪರದೆ ನೋಡಿಕೊಂಡೇ ಅಕ್ಷರದ ಅಳತೆ ಇಟ್ಟಿರಬೇಕು. ಮಾಮೂಲಿ ಡಬ್ಬಾ ಟಿವಿ ಇದ್ದವರಿಗೆ ಓದುವುದಕ್ಕೇ ಆಗಲಿಲ್ಲ. ಯಾರು ಎಲ್ಲಿ ಸಾಯುತ್ತಿದ್ದಾರೆಂಬ ಸುದ್ದಿ ಪರದೆಯ ಮೇಲೇ ಇದೆ, ಕಣ್ಣಿಗೆ ಮಾತ್ರ ನಿಲುಕದು.

ಹೊಸದರಲ್ಲಿ ಓಟಿಸನಿಗೆ ಬಾಯಿ ಬಂದಿದೆ. ಅವನ ಪಾಡಿಗೆ ಅವನು ಕಿವಿಯಲ್ಲಿ ಮಾತಾಡುತ್ತಿರುತ್ತಾನೆ, ನಮ್ಮ ಪಾಡಿಗೆ ನಾವು ಓಡಬಹುದು, ಹೊಡೆಯಬಹುದು. ಅವನೊಬ್ಬನೇ ಅಲ್ಲ, ಸಿಕ್ಕಿಕೊಂಡವರಿಗೂ ಈಗ ದನಿಯಿದೆ; ಅದಕ್ಕಿಂತ ಮುಖ್ಯವಾಗಿ ಬುದ್ಧಿಯಿದೆ. ಹಳೆಯದರಲ್ಲಿ "ಬನ್ನಿ, ಹಿಂದೆಯೇ ಬನ್ನಿ" ಎಂದು ಕರೆದುಕೊಂಡು ಹೊರಟರೆ, ಬೆಂಚಿನ ಈಚೆ ದಾರಿ ಬಿಟ್ಟು ಆಚೆ ಹೆಣಗಳ ಗುಂಪಿನೊಳಗೇ ನುಗ್ಗುವವರು ಅವರು. ಕೈಗೆ ಪಿಸ್ತೂಲು ಕೊಟ್ಟರೆ ನಮ್ಮ ಬೆನ್ನಿಗೂ ಒಂದೆರಡು ಗುಂಡು ಬೀಳುತ್ತಿತ್ತು. ಅವರನ್ನು ಬದುಕಿಸಬೇಕಾದದ್ದು ಜೋಂಬಿಗಳಿಂದಲ್ಲ, ಅವರಿಂದಲೇ. ಈಗ ತಕ್ಕಮಟ್ಟಿಗೆ ಹಿಂದೆ ಬರುತ್ತಾರೆ. ಬಂದೂಕು ಗುರಿಯಿಟ್ಟುಕೊಂಡೇ ಫ್ರಾಂಕ್ ಹೆಜ್ಜೆ ಹಾಕಬಲ್ಲ. ಹಿಂದೆ ಗುರಿಯಿಟ್ಟರೆ ನಿಂತಲ್ಲೇ ನಿಂತಿರಬೇಕಿತ್ತು. ಇವೆಲ್ಲ ಲಾಭದ ಬಾಬ್ತು, ವಾದವೇ ಇಲ್ಲ. ಹಳೆಯದೇ ಚೆಂದ ಎಂದು ಇದರಲ್ಲೂ ಹಟ ಹಿಡಿಯುವ ಅಭಿಮಾನಿಗಳಿದ್ದಾರೆ. ಅವರನ್ನು ಒಂದು ವಾರ ಓಟಿಸನ ಜೊತೆ ಬಿಡಬೇಕು.

"ಮತ್ತೆ ನಿಮ್ಮ ತಕರಾರೇನು?"

ತಕರಾರು ಗಡಿಯಾರದ್ದು. ಆಟದೊಳಗಿನ ಒಂದು ಗಂಟೆ ಅಂದರೆ ನಮ್ಮ ಐದು ನಿಮಿಷ. 72 ಗಂಟೆ ಅಂದರೆ ನಮ್ಮ ಆರು ಗಂಟೆ. ಮೇಷ್ಟ್ರು ಮನಸ್ಸಿನಲ್ಲೇ ಗುಣಿಸಿ ತಲೆಯಾಡಿಸಿದರು. ಆ ಗಡಿಯಾರ ಯಾರಿಗೂ ಕಾಯುವುದಿಲ್ಲ. ಪುಸ್ತಕದಂಗಡಿಯಲ್ಲಿ ಇಬ್ಬರು ಸಿಕ್ಕಿಕೊಂಡಿರುತ್ತಾರೆ, ಅದೇ ಹೊತ್ತಿಗೆ ಮಾಲಿನ ಇನ್ನೊಂದು ತುದಿಯಲ್ಲಿ ಮುಖ್ಯ ಕಥೆಯ ಒಂದು ಘಟ್ಟ ಶುರುವಾಗುವುದರಲ್ಲಿರುತ್ತದೆ. ಇಲ್ಲಿಗೆ ಹೋದರೆ ಅದು ತಪ್ಪುತ್ತದೆ, ಅಲ್ಲಿಗೆ ಹೋದರೆ ಇವರು ಸಾಯುತ್ತಾರೆ. ಕಥೆ ತಪ್ಪಿದರೆ ಆಟವೇನೂ ನಿಲ್ಲುವುದಿಲ್ಲ. ನಿಜ ಕತ್ತಲಲ್ಲಿ ಕರಗಿಹೋಯಿತು ಅಂತ ಒಂದು ಸಾಲು ತೋರಿಸಿ, ಹೆಲಿಕಾಪ್ಟರ್ ಬರುವತನಕ ಏನು ಬೇಕಾದರೂ ಮಾಡಿಕೋ ಎಂದು ಬಿಟ್ಟುಬಿಡುತ್ತದೆ. ಮೊದಲ ಸಲಕ್ಕೆ ಎಲ್ಲರನ್ನೂ ಉಳಿಸುವುದು ಆಗದ ಮಾತು. ಆದರೆ ಫ್ರಾಂಕ್ ಗಳಿಸಿದ ಶಕ್ತಿ ಅವನ ಜೊತೆಗೇ ಉಳಿಯುತ್ತದೆ; ಮತ್ತೆ ಮೊದಲಿನಿಂದ ಶುರುಮಾಡಿದರೆ ಹೆಚ್ಚು ಜನರ ಹತ್ತಿರ ಹೋಗಬಹುದು. ಸೋತು ಸೋತು ದಾರಿ ಕಂಠಪಾಠ ಮಾಡಿಕೊಳ್ಳುವ ಆಟ ಇದು.

ಹಳೆಯದರಲ್ಲಿ ಆಡಿದಷ್ಟನ್ನು ಸೇವ್ ಮಾಡಬೇಕಾದರೆ ಟಾಯ್ಲೆಟ್ಟಿಗೆ ಹೋಗಬೇಕಿತ್ತು, ಇಲ್ಲವೇ ಸೆಕ್ಯುರಿಟಿ ರೂಮಿನ ಸೋಫಾಕ್ಕೆ. ಅದೂ ಸೇವ್ ಮಾಡಿಡಲು ಇದ್ದದ್ದು ಒಂದೇ ಜಾಗ. ಹೊಸ ಸೇವ್ ಹಳೆಯದರ ಮೇಲೇ ಕೂರುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಸೇವ್ ಮಾಡಿ, ಇನ್ನು ಏನು ಮಾಡಿದರೂ ಕಥೆಯ ಗಡುವು ಮುಟ್ಟಲಾಗದ ಸಂದಿಯಲ್ಲಿ ಸಿಕ್ಕಿಹಾಕಿಕೊಂಡವರು ಎಷ್ಟೋ ಜನ. ಹೊಸದರಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿದರೆ ತಾನೇ ಸೇವ್ ಆಗುತ್ತದೆ. ಸತ್ತರೆ ಹಿಂದಿನ ಬಾಗಿಲಿನಿಂದ ಮತ್ತೆ ಹೊರಟರಾಯಿತು.

"ಒಳ್ಳೇದೇ ಆಯ್ತಲ್ಲ! ನಿಮಗೇನು, ಬಿಡುವಿರೋರು. ನನ್ನ ಮಗ ಆಫೀಸಿಂದ ಬರೋದೇ ರಾತ್ರಿ ಒಂಬತ್ತಕ್ಕೆ. ಊಟ, ಮಗು ಮಲಗಿಸೋದು ಎಲ್ಲ ಆಗಿ ಅರ್ಧ ಗಂಟೆ ಆಡ್ತೀನಿ ಅಂದ್ರೆ, ಅದೂ ಮಣ್ಣುಪಾಲಾಗಬೇಕಾ?"

ಮೇಷ್ಟ್ರ ಮಾತು ತೆಗೆದುಹಾಕುವಂಥದ್ದಲ್ಲ. 2006ರಲ್ಲಿ ಹಾಸ್ಟೆಲಿನಲ್ಲಿ ಕೂತು ಆಡಿದವರಿಗೆ ಈಗ ಮೂವತ್ತೈದು ದಾಟಿದೆ. ಬೆನ್ನು ನೋವು, ಮನೆ ಸಾಲ. ಅಂಥವರಿಗೆ ಈ ಸೇವ್ ವರ. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಮಾಲಿನ ನಡುವಿನ ಲೀಷರ್ ಪಾರ್ಕ್ ಎಂಬ ಹುಲ್ಲುಹಾಸನ್ನು ದಾಟುವಾಗ ಹಿಂದೆ ಆಗುತ್ತಿದ್ದ ಎದೆ ಡವಡವ ಈಗಿಲ್ಲ. ಅಲ್ಲಿ ಜೈಲಿನಿಂದ ತಪ್ಪಿಸಿಕೊಂಡ ಮೂವರು ಕೈದಿಗಳು ಜೀಪಿಗೆ ಮೆಷಿನ್‌ಗನ್ ಕಟ್ಟಿಕೊಂಡು ಸುತ್ತುತ್ತಿರುತ್ತಾರೆ. ಹೊಡೆದು ಕೆಡವಿದರೂ ಮಧ್ಯರಾತ್ರಿ ಕಳೆದ ಮೇಲೆ ಮತ್ತೆ ಹಾಜರು. ದೂರದಿಂದ ಅವರ ಹಾಡಿನ ಸದ್ದು ಕೇಳಿದರೆ ಸಾಕಿತ್ತು, ಹಿಂದೆ ಬರುತ್ತಿರುವ ನಾಲ್ಕು ಜನರನ್ನೂ ಎಲ್ಲಿ ಬಚ್ಚಿಡುವುದೆಂದು ಕೈ ಬೆವರುತ್ತಿತ್ತು. ಸತ್ತರೆ ಒಂದು ಗಂಟೆಯ ಶ್ರಮ ನೀರಿಗೆ. ಈಗಲೂ ಅವರಿದ್ದಾರೆ, ಜೀಪಿದೆ, ಹಾಡಿದೆ. ಕಳೆದುಕೊಳ್ಳುವುದಕ್ಕೆ ನಮ್ಮಲ್ಲಿ ಮಾತ್ರ ಹೆಚ್ಚೇನೂ ಉಳಿದಿಲ್ಲ.

ಇದನ್ನಾದರೂ ಮಾಫಿ ಮಾಡಿಯೇನು. ನನಗೆ ನಿಜವಾಗಿ ನುಂಗಲಾಗದ್ದು ಇನ್ನೊಂದು ಸೌಲಭ್ಯ: ಕಾಯುವ ಕೆಲಸವಿಲ್ಲದಂತೆ ಗಡಿಯಾರವನ್ನು ಮುಂದಕ್ಕೆ ಓಡಿಸಿಕೊಳ್ಳಬಹುದು. ಮುಂದಿನ ಘಟ್ಟ ಸಂಜೆ ಇದ್ದರೆ ಮಧ್ಯಾಹ್ನವನ್ನು ಹಾಗೇ ಉರುಳಿಸಿಬಿಡಬಹುದು.

"ಅದ್ರಲ್ಲೇನು ತಪ್ಪು? ಬಸ್ ಸ್ಟ್ಯಾಂಡಲ್ಲಿ ಅಂಥದ್ದೊಂದು ಗುಂಡಿ ಇದ್ರೆ ನಾನೇ ಒತ್ತುತ್ತಿದ್ದೆ."

ತಪ್ಪೇನೆಂದರೆ, ಆ ಮಧ್ಯಾಹ್ನವೇ ಆಟ. ಮಾಲಿಗೆ ಹೋದವರು ಮಾಡುವುದೇನು? ಕೆಲಸವಿಲ್ಲದೆ ತಿರುಗುವುದು. ಡೆಡ್ ರೈಸಿಂಗ್ ಕಟ್ಟಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಮುಂದಿನ ಘಟ್ಟಕ್ಕೆ ಇನ್ನೂ ಹೊತ್ತಿದೆ ಎಂದಾಗ ಫ್ರಾಂಕ್ ಬಟ್ಟೆಯಂಗಡಿಗೆ ನುಗ್ಗಿ ಹೆಂಗಸರ ಫ್ರಾಕು ತೊಟ್ಟು ನೋಡಬಹುದು. ಮಿಕ್ಸಿಗೆ ಹಾಲು, ಹಣ್ಣು, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ತಿರುವಿ, ಕುಡಿದವನ ಕಾಲಿಗೆ ವೇಗ ಬರುವ ಜ್ಯೂಸು ಕಂಡುಹಿಡಿಯಬಹುದು. ಹೆಣದ ತಲೆಗೆ ಆಟಿಕೆಯ ಮುಖವಾಡ ತೊಡಿಸಿ ಅದು ಗೋಡೆಗೆ ಡಿಕ್ಕಿ ಹೊಡೆಯುವುದನ್ನು ಫೋಟೊ ತೆಗೆಯಬಹುದು. ಒಳ್ಳೆಯ ಫೋಟೊಗೆ ಅಂಕವಿದೆ. ಗಾರ್ಡನ್ ಛತ್ರಿ ಬಿಚ್ಚಿ ಹಿಡಿದು ಗುಂಪಿನ ನಡುವೆ ನೂಕಿಕೊಂಡು ಹೋಗಬಹುದು. ಪುಸ್ತಕದಂಗಡಿಯ ಇಂಥಿಂಥ ಪುಸ್ತಕಗಳು ಜೇಬಿನಲ್ಲಿದ್ದರೆ ಕೈಯಲ್ಲಿರುವ ಆಯುಧ ಹೆಚ್ಚು ಕಾಲ ಬಾಳುತ್ತದೆಂಬ ಗುಟ್ಟು ಎಷ್ಟೋ ಜನಕ್ಕೆ ಗೊತ್ತಾದದ್ದು ಹೀಗೆ ಸುಮ್ಮನೆ ಓಡಾಡುವಾಗಲೇ. ಕಥೆಯ ಲೆಕ್ಕಕ್ಕೆ ಸೇರದ ಈ ಪೋಲಿ ಅಲೆದಾಟದಲ್ಲಿ ಹೊರಗಿನ ಭಯಂಕರವನ್ನು ಮರೆತೇಬಿಟ್ಟಿರುತ್ತೇವೆ. ಅದೇ ಹೊತ್ತಿಗೆ ಕೈಗಡಿಯಾರ ನೋಡಿಕೊಂಡರೆ ಮೂವರನ್ನು ಕಾಪಾಡುವ ಗಡುವು ಮೀರಿಹೋಗಿರುತ್ತದೆ. ಕೊಳ್ಳುಬಾಕರ ಲೋಕದ ಮೇಲೆ ಜಪಾನಿಗರು ಮಾಡಿದ ಆ ಗೇಲಿ ಕೆಲಸ ಮಾಡುತ್ತಿದ್ದುದೇ ಹೀಗೆ. ಮಾಲಿನೊಳಗೆ ಮೈಮರೆತು ತಿರುಗಿದ ಹೆಣಗಳ ಜೊತೆ ನಾವೂ ತಿರುಗಿರುತ್ತೇವೆ.

ಕಥೆಯ ಬುಡವೂ ಅಲ್ಲಿಗೇ ಹೋಗಿ ಮುಟ್ಟುತ್ತದೆ ಅನ್ನಿ. ಅಮೆರಿಕದವರ ಮಾಂಸದ ಹಸಿವು ತೀರಿಸಲು ದನಗಳನ್ನು ರಾಶಿ ರಾಶಿ ಬೆಳೆಸುವ ಸಂಶೋಧನೆ, ಅದಕ್ಕಾಗಿ ಮಧ್ಯ ಅಮೆರಿಕದ ಸಾಂತಾ ಕಬೆಸಾ ಎಂಬ ಕಲ್ಪಿತ ಹಳ್ಳಿಯಲ್ಲೊಂದು ಪ್ರಯೋಗಶಾಲೆ, ಅಲ್ಲಿಂದ ತಪ್ಪಿಸಿಕೊಂಡ ಕಣಜದ ಹುಳು, ನಿರ್ನಾಮವಾದ ಹಳ್ಳಿ, ಬದುಕುಳಿದವನೊಬ್ಬನ ಸೇಡು. ಮುಂದಿನದು ಹೇಳಿದರೆ ಆಡುವವರ ಬಾಯಿಗೆ ಮಣ್ಣು ಹಾಕಿದಂತೆ.

ಮಾಲು, ಜೋಂಬಿ ಎಂದ ಕೂಡಲೇ ಜಾರ್ಜ್ ರೊಮೆರೊನ 1978ರ ಸಿನಿಮಾ ‘ಡಾನ್ ಆಫ್ ದ ಡೆಡ್’ ನೆನಪಾಗುತ್ತದೆ. ಅದರ ಹಕ್ಕುದಾರರಿಗೂ ನೆನಪಾಯಿತು. 2008ರಲ್ಲಿ ವಿಷಯ ಕೋರ್ಟಿಗೆ ಹೋಯಿತು. ಆಟದ ಡಬ್ಬಿಯ ಮೇಲೆ, ಇದಕ್ಕೂ ಆ ಸಿನಿಮಾದವರಿಗೂ ಸಂಬಂಧವಿಲ್ಲ ಎಂದು ಕ್ಯಾಪ್‌ಕಾಮಿನವರು ಮೊದಲೇ ಅಚ್ಚು ಹಾಕಿಸಿದ್ದರು ಬೇರೆ. ಮಾಲಿನಲ್ಲಿ ಜೋಂಬಿಗಳ ನಡುವೆ ಸಿಕ್ಕಿಕೊಂಡ ಮನುಷ್ಯರು ಎಂಬ ಕಲ್ಪನೆ ಯಾರೊಬ್ಬರ ಸ್ವತ್ತೂ ಅಲ್ಲವೆಂದು ಕ್ಯಾಲಿಫೋರ್ನಿಯದ ನ್ಯಾಯಾಲಯ ಹಕ್ಕುದಾರರ ಅರ್ಜಿಯನ್ನು ತಳ್ಳಿಹಾಕಿತು. ಕೋರ್ಟು ಎಂದೊಡನೆ ಮೇಷ್ಟ್ರ ಆಸಕ್ತಿ ಗರಿಗೆದರಿತು, ಅವರದೂ ಒಂದು ಸೈಟಿನ ಕೇಸು ನಡೆಯುತ್ತಿದೆ. ಅವರನ್ನು ವಿಲಮೆಟ್ಟಿಗೆ ವಾಪಸು ಕರೆತರಲು ನನಗೆ ಹತ್ತು ನಿಮಿಷ ಹಿಡಿಯಿತು.

ಹೊಸದು ಮಾಡುವಾಗ ಕಿತ್ತುಹಾಕಿದ್ದೂ ಇದೆ. ಹಳೆಯದರಲ್ಲಿ ಫೋಟೊಗಳಿಗೆ ಐದು ಬಗೆಯ ಅಂಕ. ಅದರಲ್ಲೊಂದು ಹೆಂಗಸರನ್ನು ಅಡ್ಡಕೋನದಿಂದ ತೆಗೆದ ಚಿತ್ರಗಳಿಗೆ. ಜೀವ ಉಳಿಸಿಕೊಳ್ಳಲು ಓಡಿಬಂದ ಹೆಂಗಸಿನ ಅಂಥ ಫೋಟೊಗೆ ಬಹುಮಾನ ಕೊಡುವ ಆ ಬಗೆ ಈಗಿಲ್ಲ. ಅದಕ್ಕಾಗಿ ಯಾರಾದರೂ ಅತ್ತರೆ ಅಳಲಿ, ನಾನು ಕಣ್ಣೊರೆಸಲು ಹೋಗುವುದಿಲ್ಲ. ಏಷ್ಯಾದವರನ್ನು ಅಣಕಿಸುವಂತೆ ಬರೆದಿದ್ದ ಕಸಾಯಿಯವನೊಬ್ಬನ ಚಹರೆಯನ್ನೂ ಬದಲಿಸಿದ್ದಾರೆ. ಫ್ರಾಂಕನ ದನಿ ಬದಲಾದದ್ದು ಮಾತ್ರ ನನಗೆ ಹಿಡಿಸಲಿಲ್ಲ. ಟಿ.ಜೆ. ರೊಟೊಲೊ ಕೊಟ್ಟಿದ್ದ ಆ ಉಡಾಫೆಯ, ಸ್ವಲ್ಪ ಮೂಗಿನ ದನಿಯಲ್ಲೇ ಅರ್ಧ ಫ್ರಾಂಕ್ ಇದ್ದ. ಹೊಸಬನ ಕೆಲಸದಲ್ಲಿ ತಪ್ಪು ಹುಡುಕುವಂತಿಲ್ಲ, ಆದರೂ ನಮ್ಮ ಫ್ರಾಂಕ್ ಅನ್ನಿಸುವುದಿಲ್ಲ. ಬೆಳಕಿನ ಬಗ್ಗೆಯೂ ನನ್ನ ಗೊಣಗಾಟವಿದೆ. ಹಳೆಯ ಮಾಲಿನ ಬೆಳಕು ಚಪ್ಪಟೆ, ಸಪ್ಪೆ, ನಿಜವಾದ ಮಾಲುಗಳಲ್ಲಿ ಇರುವಂಥದ್ದೇ. ಹಾಡುಹಗಲಿನ ಆ ಸಪ್ಪೆ ಬೆಳಕಿನಲ್ಲಿ ಹೆಣಗಳು ನಡೆಯುವುದೇ ವಿಚಿತ್ರವಾಗಿತ್ತು. ಈಗ ನೆರಳು, ಹೊಳಪು ಎಲ್ಲ ಅಚ್ಚುಕಟ್ಟು. ಕಣ್ಣಿಗೆ ಹಬ್ಬ, ವಿಚಿತ್ರ ಕಡಿಮೆ.

"ಹಾಗಾದ್ರೆ ಹಳೇ ಆಟ ಮುಟ್ಟಲೇಬಾರದು ಅಂತೀರಾ?"

ಹಾಗಲ್ಲ. ಮುಟ್ಟಿ ಗೆದ್ದವರೂ ಇದ್ದಾರೆ, ಅದೂ ಇದೇ ಕ್ಯಾಪ್‌ಕಾಮಿನಲ್ಲಿ. ಶಿಂಜಿ ಮಿಕಾಮಿ 1996ರಲ್ಲಿ ‘ರೆಸಿಡೆಂಟ್ ಈವಿಲ್’ ಮಾಡಿದರು. ಕಾಡಿನ ನಡುವೆ ಒಂದು ಬಂಗಲೆ, ಒಳಗೆ ಜೋಂಬಿಗಳು. 2002ರಲ್ಲಿ ಅವರೇ ಅದನ್ನು ಗೇಮ್‌ಕ್ಯೂಬ್ ಯಂತ್ರಕ್ಕೆ ಹೊಸದಾಗಿ ಕಟ್ಟಿದರು. ಆ ಬಂಗಲೆಯ ಮೂಲೆಮೂಲೆ ಗೊತ್ತಿದ್ದವರು ಧೈರ್ಯವಾಗಿ ಒಳಹೊಕ್ಕು, ಎಂದಿನಂತೆ ಮೊದಲ ಜೋಂಬಿಯನ್ನು ಕೆಡವಿ ಮುಂದೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಅದೇ ಕಾರಿಡಾರಿಗೆ ವಾಪಸು ಬಂದರೆ, ಬಿದ್ದಿದ್ದ ಹೆಣ ತಲೆ ಕೆಂಪಾಗಿ, ಉಗುರು ಬೆಳೆದು ಎದ್ದು ಓಡಿಬರುತ್ತಿದೆ! ತಲೆ ಚೂರಾಗದೆ ಬಿದ್ದದ್ದನ್ನು ಸೀಮೆಎಣ್ಣೆ ಸುರಿದು ಸುಡಬೇಕು, ಸೀಮೆಎಣ್ಣೆಯೋ ಅಷ್ಟಕ್ಕಷ್ಟೆ. ಹಳಬರ ಜಂಬ ಒಂದೇ ಏಟಿಗೆ ಇಳಿಯಿತು. ಆ ಆಟವನ್ನು ಸುಲಭ ಮಾಡಿ ಹೊಸದು ಮಾಡಲಿಲ್ಲ, ಹೊಸ ತಾಪತ್ರಯ ಹುಟ್ಟಿಸಿ ಹೊಸದು ಮಾಡಿದರು.

ಬಾಗಿಲುಗಳನ್ನೂ ಬಿಡಲಿಲ್ಲ. 1996ರಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಸಿ.ಡಿ.ಯಿಂದ ಮಾಹಿತಿ ಓದಿಕೊಳ್ಳಲು ಯಂತ್ರಕ್ಕೆ ಹೊತ್ತು ಬೇಕಿತ್ತು. ಆ ಬಡತನ ಮುಚ್ಚಲು ಕತ್ತಲಲ್ಲಿ ಒಂದು ಬಾಗಿಲು ನಿಧಾನವಾಗಿ ಕಿರ್ರೆಂದು ತೆರೆಯುವುದನ್ನು ತೋರಿಸಿದರು. ಆಚೆ ಏನಿದೆಯೋ ಎಂದು ಉಸಿರು ಬಿಗಿಹಿಡಿದ ಆ ಕೆಲವು ಕ್ಷಣ ಆಟದ ಅತ್ಯುತ್ತಮ ಭಾಗವಾಗಿಬಿಟ್ಟಿತು. ಆ ಬಂಗಲೆಯನ್ನೇ 2015ರಲ್ಲಿ ಇನ್ನೊಮ್ಮೆ ಒರೆಸಿ ತಂದರು; ಯಂತ್ರಗಳು ಎಷ್ಟೋ ಪಾಲು ಚುರುಕಾಗಿದ್ದರೂ ಬಾಗಿಲು ಹಾಗೇ ಕಿರ್ರೆನ್ನುತ್ತದೆ. ಆದರೆ ಆ ಸಲ ಅಗಲ ಪರದೆಗೆ ಹೊಂದಿಸಲು ಚಿತ್ರದ ಮೇಲೂ ಕೆಳಗೂ ಕತ್ತರಿ ಬಿತ್ತು. ಜೊತೆಗೆ ಪಾತ್ರವನ್ನು ಬೇಕಾದತ್ತ ಥಟ್ಟನೆ ತಿರುಗಿಸುವ ಹೊಸ ವಿಧಾನ ಕೊಟ್ಟರು. ಮನುಷ್ಯ ಚುರುಕಾದ, ಜೋಂಬಿ 2002ರ ವೇಗದಲ್ಲೇ ಉಳಿಯಿತು. ಪಕ್ಕದಲ್ಲಿ ನುಸುಳಿಕೊಂಡು ಹೋಗುವುದು ಮಕ್ಕಳಾಟವಾಯಿತು. ಬೇಡವೆಂದರೆ ಹಳೆಯ ವಿಧಾನವನ್ನೇ ಆರಿಸಿಕೊಳ್ಳಬಹುದು ಎನ್ನುವುದೊಂದು ಸಮಾಧಾನ.

ಡೆಡ್ ರೈಸಿಂಗ್‌ಗೇ 2009ರಲ್ಲಿ ಒಂದು ಪುನರ್ಜನ್ಮವಾಗಿತ್ತು, ನಿಂಟೆಂಡೊ ವಿಯಲ್ಲಿ. ಆ ಪುಟ್ಟ ಯಂತ್ರಕ್ಕೆ ಅಷ್ಟು ಹೆಣ ಹೊರಲಾಗಲಿಲ್ಲ, ಗುಂಪು ತೆಳುವಾಯಿತು. ಬದಲಿಗೆ ಜೋಂಬಿ ಪೂಡಲ್ ನಾಯಿಗಳೂ ಜೋಂಬಿ ಗಿಳಿಗಳೂ ಬಂದವು. ಫೋಟೊ ಪತ್ರಕರ್ತನ ಕೈಯಿಂದ ಕ್ಯಾಮೆರಾವನ್ನೇ ಕಿತ್ತುಕೊಂಡರು. ಇದನ್ನು ಕೇಳಿ ಮೇಷ್ಟ್ರು ನಕ್ಕಷ್ಟು ನಾನೂ ನಕ್ಕಿರಲಿಲ್ಲ.

ಅದಕ್ಕೆ ಹೋಲಿಸಿದರೆ 2024ರವರು ದೇವರಂಥವರು. ಒಂದೇ ಬೇಡಿಕೆ, ಹಳೆಯದನ್ನು ಅಂಗಡಿಯಿಂದ ಎತ್ತಿಬಿಡಬಾರದು. 2021ರಲ್ಲಿ ರಾಕ್‌ಸ್ಟಾರ್ ಎಂಬ ಇನ್ನೊಂದು ಗೇಮ್ ಕಂಪನಿಯವರು ತಮ್ಮ ‘ಜಿಟಿಎ’ಯ ಮೂರು ಹಳೆಯ ಆಟಗಳನ್ನು ಹೊಸದು ಮಾಡುವ ಮೊದಲು ಹಳೆಯ ಪ್ರತಿಗಳನ್ನು ಮಾರಾಟದಿಂದಲೇ ತೆಗೆದರು. ಹೊಸದು ತಪ್ಪುಗಳ ಮೂಟೆಯಾಗಿ ಬಂದು, ಆಡುವವರು ರೊಚ್ಚಿಗೆದ್ದು, ಕೊನೆಗೆ ಕ್ಷಮೆ ಕೇಳಿ ಹಳೆಯದನ್ನು ಪಿ.ಸಿ.ಯವರಿಗೆ ವಾಪಸು ಕೊಡಬೇಕಾಯಿತು. ಎರಡೂ ಪಕ್ಕಪಕ್ಕದಲ್ಲಿದ್ದರೆ ಯಾರಿಗೂ ನಷ್ಟವಿಲ್ಲ. ಓಟಿಸನಿಂದ ಬೈಸಿಕೊಳ್ಳುವ ಹುಚ್ಚಿದ್ದವರು ಬೈಸಿಕೊಳ್ಳಲಿ.

"ನನ್ನ ಮಗನಿಗೆ ಯಾವುದು ಹೇಳಲಿ?"

ಹೊಸದೇ ಇರಲಿ ಮೇಷ್ಟ್ರೇ. ಬೇಕಾದಷ್ಟು ಸಲ ಸೇವ್ ಆಗಲಿ, ಮಗು ಎದ್ದರೆ ಬಿಟ್ಟು ಹೋಗಲಿ. ಮೊದಲ ಸಲ ಆಡುವಾಗ ಗಡಿಯಾರ ಓಡಿಸುವ ಆ ಗುಂಡಿಯನ್ನೊಂದು ಮುಟ್ಟಬೇಡ ಅಂತ ಹೇಳಿ.